ಹೊಸ ಮರದ ನೆಲಹಾಸು: ದೋಷ ಯಾರದು, ನಷ್ಟ ಯಾರಿಗೆ?

ಸಾಗುವಾನಿ ಹಲಗೆಯ ನೆಲಹಾಸು ಮುಗಿದು, ಬಿಲ್ಲಿನ ಬಹುಪಾಲು ಸಂದಾಯವಾಗಿ, ಕೊನೆಯ ಕಂತು ಮಾತ್ರ ಬಾಕಿ ಇರುವಾಗ ಗ್ರಾಹಕರಿಂದ ತಕರಾರು ಬರುವುದು ಈ ವ್ಯಾಪಾರದಲ್ಲಿ ಅಪರೂಪವಲ್ಲ. ಹಲಗೆಯ ಅಂಚು ಎದ್ದಿದೆ, ಸಂದು ಬಿಟ್ಟಿದೆ, ನಡೆದರೆ ಕಿರುಗುಟ್ಟುತ್ತದೆ ಎಂಬುದೇ ದೂರು. ಮರ ಮಾರಿದವರು ಹಾಸಿದವರನ್ನೂ, ಹಾಸಿದವರು ಕಟ್ಟಡದ ತೇವವನ್ನೂ ದೂರುತ್ತಾರೆ; ಬಾಕಿ ಹಣ ಇವರ ನಡುವೆ ಸಿಕ್ಕಿಕೊಳ್ಳುತ್ತದೆ.

ಮರವು ಗಾಳಿಯ ತೇವಕ್ಕೆ ಅನುಗುಣವಾಗಿ ಹಿಗ್ಗಿ ಕುಗ್ಗುವ ವಸ್ತು. ಈ ವ್ಯತ್ಯಾಸ ಉದ್ದದಲ್ಲಿ ನಗಣ್ಯ, ಅಗಲದಲ್ಲಿ ಗಣನೀಯ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50 ಇದ್ದಲ್ಲಿ ಮರದ ತೇವಾಂಶ ಸುಮಾರು ಶೇ. 9ರಲ್ಲಿ ನಿಲ್ಲುತ್ತದೆ, ಶೇ. 80 ಇದ್ದಲ್ಲಿ ಸುಮಾರು ಶೇ. 16ಕ್ಕೆ ಏರುತ್ತದೆ. ಬೆಂಗಳೂರಿನ ಬೇಸಿಗೆಯಲ್ಲಿ ಒಣಗಿದ ಹಲಗೆಯನ್ನು ಗೋಡೆಯಂಚಿನಲ್ಲಿ ಜಾಗ ಬಿಡದೆ ಮಂಗಳೂರಿನಲ್ಲಿ ಹಾಸಿದರೆ, ಮಳೆಗಾಲದಲ್ಲಿ ಅದು ಹಿಗ್ಗಲು ಎಡೆಯಿಲ್ಲದೆ ಉಬ್ಬಿ ಮೇಲೇಳುತ್ತದೆ.

ಲಕ್ಷಣವನ್ನು ಓದಲು ಬಂದರೆ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ. ಪ್ರತಿ ಹಲಗೆಯ ಎರಡು ಅಂಚುಗಳು ಎದ್ದು ಮಧ್ಯ ತಗ್ಗಿದ್ದರೆ, ಹಲಗೆಯ ಅಡಿಭಾಗ ಮೇಲ್ಭಾಗಕ್ಕಿಂತ ಹೆಚ್ಚು ತೇವವಾಗಿದೆ ಎಂದರ್ಥ. ಪೂರ್ತಿ ಒಣಗದ ಕಾಂಕ್ರೀಟು ಅಥವಾ ಸೋರುವ ಕೊಳಾಯಿ ಇದಕ್ಕೆ ಸಾಮಾನ್ಯ ಮೂಲ. ಇಲ್ಲಿಯೇ ಅತ್ಯಂತ ದುಬಾರಿ ತಪ್ಪು ಜರುಗುವುದು: ಗ್ರಾಹಕರ ಒತ್ತಾಯಕ್ಕೆ ಮಣಿದು, ಮರುದಿನವೇ ಯಂತ್ರ ತಂದು ಎದ್ದ ಅಂಚನ್ನು ಉಜ್ಜಿಬಿಡುತ್ತಾರೆ. ತಿಂಗಳುಗಳ ನಂತರ ತೇವ ಆರಿ ಹಲಗೆ ಸ್ವಸ್ಥಾನಕ್ಕೆ ಮರಳಿದಾಗ, ಸವೆದ ಅಂಚು ತಗ್ಗಾಗಿ ಮಧ್ಯ ಉಬ್ಬಿ ನಿಲ್ಲುತ್ತದೆ. ತಾನಾಗಿಯೇ ಸರಿಹೋಗಬಹುದಾಗಿದ್ದ ನೆಲ ಹೀಗೆ ಶಾಶ್ವತವಾಗಿ ಕೆಡುತ್ತದೆ. ಜೊತೆಗೆ ಮೂಲ ದೋಷದ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಮೊದಲು ತೇವದ ಮೂಲವನ್ನು ನಿಲ್ಲಿಸಬೇಕು, ಮೀಟರಿನಿಂದ ಅಳೆಯಬೇಕು, ಅಳತೆ ಸ್ಥಿರವಾಗುವವರೆಗೆ ಕಾಯಬೇಕು.

ಬೇಸಿಗೆಯಲ್ಲಿ ಕಾಣುವ ಸಣ್ಣ ಸಂದುಗಳು ಮಳೆಗಾಲದಲ್ಲಿ ಮುಚ್ಚಿಕೊಳ್ಳುವುದುಂಟು. ಕಿರುಗುಟ್ಟುವಿಕೆಗೆ ಸಡಿಲ ಮೊಳೆ ಅಥವಾ ಅಡಿನೆಲದ ಏರುಪೇರು ಕಾರಣವಾಗಿರುವುದೇ ಹೆಚ್ಚು.

ಇನ್ನು ಲೆಕ್ಕದ ಮಾತು. 1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮಿನನ್ವಯ, ಖರೀದಿದಾರರು ಉದ್ದೇಶವನ್ನು ತಿಳಿಸಿ ಮಾರಾಟಗಾರರ ಪರಿಣತಿಯನ್ನು ನಂಬಿ ಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಂದದ ಭಾಗವೇ. ಆದರೆ ಹಲಗೆ ಕೈಸೇರಿದ ದಿನದ ಹಾಗೂ ಹಾಸುವ ದಿನದ ತೇವಾಂಶವನ್ನು ಚಲನ್ನಿನ ಮೇಲೆ ಬರೆದು ಸಹಿ ಪಡೆದಿರದಿದ್ದರೆ, ಸರಕು ಬಂದಾಗಲೇ ಹಸಿಯಾಗಿತ್ತೋ ಅನಂತರ ತೇವ ಹೀರಿತೋ ಎಂಬುದನ್ನು ರುಜುವಾತುಪಡಿಸುವುದು ಕಷ್ಟ.

ದರ ಇಳಿಸಿ ರಾಜಿಯಾಗುವುದಾದರೆ ಜಿ.ಎಸ್.ಟಿ. ಕಾಯಿದೆಯ 34ನೇ ಕಲಮಿನಡಿ ಕ್ರೆಡಿಟ್ ನೋಟ್ ನೀಡಬಹುದು. ತೆರಿಗೆ ಇಳಿಕೆಗಾಗಿ ಅದನ್ನು, ಸರಬರಾಜಾದ ಹಣಕಾಸು ವರ್ಷ ಮುಗಿದ ನಂತರ ಬರುವ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವುದರೊಳಗೆ ಘೋಷಿಸಬೇಕು. ಫೆಬ್ರವರಿಯಲ್ಲಿ ಹಾಸಿ ಬಿಲ್ಲು ಮಾಡಿದ ನೆಲ ಜುಲೈನಲ್ಲಿ ಎದ್ದರೆ, ಒಣಗಲು ಕಾಯುವುದಕ್ಕೂ ರಾಜಿಗೂ ಉಳಿಯುವುದು ನಾಲ್ಕೇ ತಿಂಗಳು. ಅದೇ ನೆಲವನ್ನು ಏಪ್ರಿಲ್‌ನಲ್ಲಿ ಹಾಸಿದ್ದರೆ ಮತ್ತೊಂದು ವರ್ಷದ ಅವಕಾಶವಿರುತ್ತಿತ್ತು.

ಖಾತರಿ ನೀಡಿ ಕೆಲಸ ಮಾಡುವವರು ದುರಸ್ತಿ ವೆಚ್ಚಕ್ಕೆ ಲೆಕ್ಕದಲ್ಲಿ ಮುಂಗಡವಾಗಿ ಹಣ ಕಾದಿರಿಸಬಹುದು. ಹಿಂದಿನ ಅನುಭವದ ಆಧಾರದ ಮೇಲೆ ವಿಶ್ವಾಸಾರ್ಹವಾಗಿ ಅಂದಾಜಿಸಿದ ಇಂಥ ಮೊತ್ತವು ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2009ರ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಅದಕ್ಕೆ ಬೇಕಾದುದು ಪ್ರತಿ ತಕರಾರಿನ ದಿನಾಂಕ, ಕಾರಣ ಮತ್ತು ತಗುಲಿದ ವೆಚ್ಚವನ್ನು ಬರೆದಿಟ್ಟ ಒಂದು ದಫ್ತರ.