ಜಾನಪದ ಧ್ವನಿಮುದ್ರಿಕೆ ಮತ್ತು ಡಿಜಿಟಲ್ ಈಕ್ವಲೈಜರ್: ಶಿಕಾರಿಪುರ–ಸೊರಬ ಸೀಮೆಯ ನಿದರ್ಶನ

ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳು ಮಲೆನಾಡು ಬಯಲುಸೀಮೆಗೆ ಸಂಧಿಸುವ ನೆಲ. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಅಂಟಿಗೆ–ಪಂಟಿಗೆಯೂ ಬೀರೇಶ್ವರನ ಆರಾಧನೆಯೊಡನೆ ಬೆಳೆದ ಡೊಳ್ಳುಕುಣಿತವೂ ಈ ಸೀಮೆಯ ಸಂಪತ್ತು. ಇಂತಹ ಕಲೆಗಳ ಧ್ವನಿಮುದ್ರಣವನ್ನು ಗಣಕದಲ್ಲಿ ಸಂಸ್ಕರಿಸುವಾಗ ಬಳಕೆಯಾಗುವ ಈಕ್ವಲೈಜರ್ ಪ್ಲಗ್‌ಇನ್ ಸಂಶೋಧಕನಿಗೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಆಕರವನ್ನೇ ಕೆಡಿಸುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ನಾದದ ನಿರ್ದಿಷ್ಟ ಕಂಪನಾಂಕಗಳನ್ನು ಏರಿಸುವ ಅಥವಾ ಇಳಿಸುವ ಸಾಧನವೇ ಈಕ್ವಲೈಜರ್. ದೂರವಾಣಿ ತಂತಿಗಳಲ್ಲಿ ಕುಗ್ಗಿದ ಧ್ವನಿಯನ್ನು ಸರಿದೂಗಿಸುವ ಅಗತ್ಯದಿಂದ ಈ ಹೆಸರು ಬಂದಿತು. 1972ರಲ್ಲಿ ಜಾರ್ಜ್ ಮ್ಯಾಸೆನ್‌ಬರ್ಗ್ ಮಂಡಿಸಿದ ಪ್ಯಾರಾಮೆಟ್ರಿಕ್ ವಿಧಾನವನ್ನೇ ಇಂದಿನ ಪ್ಲಗ್‌ಇನ್‌ಗಳು ಬಹುಮಟ್ಟಿಗೆ ಅನುಸರಿಸುತ್ತವೆ. ಅದರಲ್ಲಿ ಮೂರು ನಿಯಂತ್ರಣಗಳಿವೆ: ಕೇಂದ್ರ ಕಂಪನಾಂಕ, ಡೆಸಿಬೆಲ್‌ಗಳಲ್ಲಿ ಏರಿಳಿತ, ಹಾಗೂ ಪಟ್ಟಿಯ ಅಗಲವನ್ನು ನಿರ್ಧರಿಸುವ ಕ್ಯೂ. ಈ ಮೂರನೆಯದನ್ನೇ ಹಲವರು ಅಲಕ್ಷಿಸುತ್ತಾರೆ.

ಡೊಳ್ಳಿನ ಒಂದು ಮುಖವನ್ನು ಕೋಲಿನಿಂದ, ಇನ್ನೊಂದನ್ನು ಅಂಗೈಯಿಂದ ನುಡಿಸುತ್ತಾರೆ. ಅದರ ಗಂಭೀರ ನಾದದ ಬಹುಭಾಗ ಕೆಳ ಕಂಪನಾಂಕಗಳಲ್ಲಿದೆ. ವಿದ್ಯುತ್ ಪೂರೈಕೆಯಿಂದ ಮುದ್ರಣಕ್ಕೆ ನುಸುಳುವ ಗುಂಯ್‌ಗುಡುವ ಸದ್ದೂ 50 ಹರ್ಟ್ಸ್‌ನಲ್ಲಿ, ಅದರ ಗುಣಕಗಳಾದ 100, 150ರಲ್ಲಿ ಕೂತಿರುತ್ತದೆ. ಕ್ಯೂ 1 ಇಟ್ಟು 50 ಹರ್ಟ್ಸನ್ನು ಕತ್ತರಿಸಿದರೆ ಸುಮಾರು 31ರಿಂದ 81 ಹರ್ಟ್ಸ್‌ವರೆಗಿನದೆಲ್ಲ ಕುಗ್ಗಿ ಡೊಳ್ಳು ಬರಿಯ ತಗಡಿನ ಡಬ್ಬದಂತೆ ಕೇಳುತ್ತದೆ. ಕ್ಯೂ 10 ಇಟ್ಟರೆ ಪಟ್ಟಿ 5 ಹರ್ಟ್ಸ್‌ಗೆ ಇಳಿಯುತ್ತದೆ. ಹಾಗೆಂದು ಇನ್ನೂ ಕಿರಿದು ಮಾಡುತ್ತ ಹೋದರೆ ಶೋಧಕವೇ ಪೆಟ್ಟಿನ ನಂತರ ಅನುರಣಿಸತೊಡಗುತ್ತದೆ. ರೇಖೀಯ ಹಂತದ ಶೋಧಕದಲ್ಲಿ ಈ ಮಾರ್ದನಿ ಪೆಟ್ಟಿಗೆ ಮುಂಚೆಯೇ ಸುಳಿಯುವುದರಿಂದ ಅದನ್ನು ಡೊಳ್ಳಿಗೆ ಬಳಸದಿರುವುದು ಲೇಸು.

ಅಂಟಿಗೆ–ಪಂಟಿಗೆಯ ತೊಡಕು ಬೇರೆ. ಬಯಲಿನ ರಾತ್ರಿಯ ಮುದ್ರಣದಲ್ಲಿ ಹಾಡುಗಾರರ ಜೊತೆಗೆ ಜೀರುಂಡೆಗಳೂ ಹಾಡುತ್ತವೆ! ಅವುಗಳ ಸದ್ದನ್ನು ಅಡಗಿಸಲು 4 ಕಿಲೋಹರ್ಟ್ಸ್‌ನಿಂದ ಮೇಲಿನದನ್ನು ಇಳಿಸುವುದು ಸುಲಭವಾದ ದಾರಿ. ಆದರೆ 'ಸ'ಕಾರದ ಶಕ್ತಿಯೂ ಹೆಚ್ಚಾಗಿ ಅಲ್ಲಿಯೇ ಇದೆ. ಸ–ಶ ವ್ಯತ್ಯಾಸ ಮಸುಕಾದ ಪ್ರತಿಯನ್ನು ನಂಬಿ ಉಪಭಾಷೆಯ ಉಚ್ಚಾರವನ್ನು ನಿರ್ಣಯಿಸುವ ವಿದ್ವಾಂಸ ಹಾಡುಗಾರನ ನುಡಿಯನ್ನಲ್ಲ, ಶೋಧಕದ ಪರಿಣಾಮವನ್ನೇ ದಾಖಲಿಸಿದಂತಾಗುತ್ತದೆ. ಪಠ್ಯ ಬರೆದುಕೊಳ್ಳಲು 2ರಿಂದ 4 ಕಿಲೋಹರ್ಟ್ಸ್ ನಡುವೆ ಎರಡು ಮೂರು ಡೆಸಿಬೆಲ್ ಏರಿಸಿದರೆ ಮಾತು ತಿಳಿಯಾಗುತ್ತದೆ, ಅಷ್ಟು ಸಾಕು.

ಕ್ಯಾಸೆಟ್‌ಗಳ ಸಂಗತಿಯಲ್ಲಿ ಒಂದು ಭೇದವನ್ನು ಮರೆಯಬಾರದು. ಸಾಮಾನ್ಯ ಫೆರಿಕ್ ಕ್ಯಾಸೆಟ್ಟಿಗೆ 120 ಮೈಕ್ರೋಸೆಕೆಂಡಿನ, ಕ್ರೋಮ್ ಕ್ಯಾಸೆಟ್ಟಿಗೆ 70 ಮೈಕ್ರೋಸೆಕೆಂಡಿನ ಮರುನುಡಿಕೆಯ ಸಮೀಕರಣ ನಿಗದಿಯಾಗಿದೆ. ಮುದ್ರಣದಲ್ಲಿ ಮಾಡಿದ್ದನ್ನು ಸರಿದೂಗಿಸುವ ಈ ಕ್ರಮ ಕಡ್ಡಾಯ. ಕೇಳುಗನ ಅಭಿರುಚಿಗಾಗಿ ಮಾಡುವ ಸಮೀಕರಣ ಹಾಗಲ್ಲ. ಅಂತರರಾಷ್ಟ್ರೀಯ ಧ್ವನಿ ಮತ್ತು ದೃಶ್ಯಶ್ರವ್ಯ ದಾಖಲಾಗಾರಗಳ ಸಂಘದ ಮಾರ್ಗಸೂಚಿಯೂ ಸಂರಕ್ಷಣಾ ಪ್ರತಿಯನ್ನು ಇಂತಹ ತಿದ್ದುಪಡಿಯಿಲ್ಲದೆ, ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ಗಳಲ್ಲಿ ಇರಿಸಬೇಕೆನ್ನುತ್ತದೆ. ಗ್ರಂಥಾಲಯಗಳು ಈ ಮೂಲ ಕಡತವನ್ನು ಪ್ರತ್ಯೇಕವಾಗಿಟ್ಟು, ಆಲಿಕೆಯ ಪ್ರತಿಯ ಸೂಚಿಪತ್ರದಲ್ಲಿ ಪ್ಲಗ್‌ಇನ್‌ನ ಹೆಸರು, ಕಂಪನಾಂಕ, ಡೆಸಿಬೆಲ್, ಕ್ಯೂ ಬೆಲೆಗಳನ್ನು ನಮೂದಿಸಿದಲ್ಲಿ ಮುಂದಿನ ಸಂಶೋಧಕನು ಏನನ್ನು ಕಳೆಯಲಾಗಿದೆ ಎಂಬುದನ್ನು ಅರಿಯಬಲ್ಲನು.