ನಿಮಗಿದು ಗೊತ್ತೆ? ಕ್ಯಾಮೆರಾದಿಂದ ಮೊಬೈಲ್‌ಗೆ, ತಂತಿಯಿಲ್ಲದೆ

ಕ್ಯಾಮೆರಾದಲ್ಲಿ ತೆಗೆದ ಚಿತ್ರ ತಂತಿಯಿಲ್ಲದೆ ಮೊಬೈಲ್‌ಗೆ ಬರಲು ಇಂಟರ್‌ನೆಟ್ ಬೇಕಿಲ್ಲ. ವೈ-ಫೈ ಸೌಲಭ್ಯವಿರುವ ಕ್ಯಾಮೆರಾ ತನ್ನದೇ ಪುಟ್ಟ ಜಾಲವೊಂದನ್ನು ಸೃಷ್ಟಿಸುತ್ತದೆ. ಮೊಬೈಲ್ ಅದಕ್ಕೆ ಸೇರಿಕೊಂಡು, ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕ ಚಿತ್ರಗಳನ್ನು ಇಳಿಸಿಕೊಳ್ಳುತ್ತದೆ. ಸಿಗ್ನಲ್ ಸಿಗದ ಕಾಡಿನಲ್ಲೂ ಈ ಕೆಲಸ ನಡೆಯುತ್ತದೆ. ಆ ಹೊತ್ತಿನಲ್ಲಿ ‘ಇಂಟರ್‌ನೆಟ್ ಇಲ್ಲ’ ಎಂದು ಮೊಬೈಲ್ ತಕರಾರು ತೆಗೆಯುವುದು ಸಹಜ. ಕೆಲವು ಫೋನ್‌ಗಳು ಅಷ್ಟಕ್ಕೇ ಸಂಪರ್ಕ ಕಡಿದುಕೊಂಡು ಮೊಬೈಲ್ ಡೇಟಾಗೆ ಮರಳಿಬಿಡುವುದೇ ನಿಜವಾದ ಕಿರಿಕಿರಿ.

2005ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ1, ಪಿ2 ಕ್ಯಾಮೆರಾಗಳಲ್ಲೇ ವೈ-ಫೈ ಇತ್ತು. ಸ್ಮಾರ್ಟ್‌ಫೋನ್‌ಗಳ ಕಾಲ ಇನ್ನೂ ಬಂದಿರಲಿಲ್ಲವಾದ್ದರಿಂದ ಅವು ಚಿತ್ರಗಳನ್ನು ಕಂಪ್ಯೂಟರಿಗೋ ಪ್ರಿಂಟರಿಗೋ ಕಳಿಸುತ್ತಿದ್ದವು. 2007ರಲ್ಲಿ ಬಂದ ಐ-ಫೈ ಮೆಮೊರಿ ಕಾರ್ಡ್ ಇನ್ನೂ ಜಾಣತನದ್ದು: ಅಂಚೆಚೀಟಿಯಷ್ಟು ಚಿಕ್ಕ ಕಾರ್ಡಿನೊಳಗೇ ವೈ-ಫೈ ಅಡಗಿಸಿ, ವೈ-ಫೈ ಇಲ್ಲದ ಹಳೆಯ ಕ್ಯಾಮೆರಾಗಳಿಗೂ ಆ ಶಕ್ತಿ ಕೊಟ್ಟಿತು.

ವೈ-ಫೈ ವೇಗದ್ದು, ಆದರೆ ಬ್ಯಾಟರಿ ಬಾಕ. ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್ ನಿಧಾನ, ಆದರೆ ಸದಾ ಸಂಪರ್ಕದಲ್ಲಿರಬಲ್ಲದು. 2016ರಲ್ಲಿ ನಿಕಾನ್ ಪರಿಚಯಿಸಿದ ಸ್ನ್ಯಾಪ್‌ಬ್ರಿಜ್ ಎಂಬ ವ್ಯವಸ್ಥೆ ಎರಡನ್ನೂ ಬಳಸಿಕೊಂಡಿತು. ಸುಮಾರು 2 ಮೆಗಾಪಿಕ್ಸೆಲ್‌ನ ಚಿಕ್ಕ ಪ್ರತಿಗಳು ಬ್ಲೂಟೂತ್‌ನಲ್ಲಿ ತಾವಾಗಿಯೇ ಹೋಗುತ್ತವೆ. ವಿಡಿಯೊದಂಥ ಭಾರಿ ಕಡತಗಳಿಗೆ ವೈ-ಫೈ ಬೇಕು. ಇದೇ ಬ್ಲೂಟೂತ್ ಹಾದಿಯಲ್ಲಿ ಮೊಬೈಲ್ ಕೂಡ ಕ್ಯಾಮೆರಾಗೆ ಸರಿಯಾದ ಸಮಯವನ್ನೂ ಚಿತ್ರ ತೆಗೆದ ಸ್ಥಳದ ಅಕ್ಷಾಂಶ, ರೇಖಾಂಶಗಳನ್ನೂ ತಿಳಿಸುತ್ತದೆ.