ನೂರೆಂಟರ ಬಂಡಿ ಬರುವ ಮುನ್ನ

ಸೊಲ್ಲಾಪುರದಿಂದ ಹೊರಟು, ವಿಜಯಪುರವನ್ನು ಹಾದು, ಕೃಷ್ಣೆಯನ್ನು ದಾಟಿ, ಹುನಗುಂದ ಇಳಕಲ್ಲುಗಳ ಮಗ್ಗುಲಿನಿಂದ ಹೊಸಪೇಟೆಯ ಕಡೆಗೆ ಇಳಿಯುವ ಹೆದ್ದಾರಿಯ ಮೇಲೆ ಹಗಲೆನ್ನದೆ ಇರುಳೆನ್ನದೆ ಲಾರಿಗಳು ಸಂಚರಿಸುತ್ತವೆ. ಇಳಕಲ್ಲಿನ ಸುತ್ತಣ ಕ್ವಾರಿಗಳಲ್ಲಿ ಕೆಂಪು ಗ್ರ್ಯಾನೈಟಿನ ಬಂಡೆಗಳನ್ನು ಸೀಳುತ್ತಾರೆ. ಬಾದಾಮಿಯ ಅಗಸ್ತ್ಯತೀರ್ಥದ ಪಾವಟಿಗೆಗಳಲ್ಲಿ ಹೆಣ್ಣುಮಕ್ಕಳು ಬಟ್ಟೆ ಒಗೆಯುವಾಗ ಹುಡುಗರು ಅಲ್ಲಿಯೇ ಈಜಿಗೆ ಇಳಿಯುತ್ತಾರೆ. ಎರೆಹೊಲದ ಬಿರುಕುಗಳಲ್ಲಿ ಹಾವು ಮನೆ ಮಾಡುತ್ತದೆ. ಮಲಪ್ರಭೆಯೋ, 2009ರಲ್ಲಿಯೂ 2019ರಲ್ಲಿಯೂ ಮಾಡಿದಂತೆ, ಮೇರೆಯನ್ನು ಮೀರಿ ಊರೊಳಕ್ಕೆ ಬರುತ್ತದೆ. ಇಷ್ಟು ಬಗೆಯ ಅಪಾಯಗಳೊಡನೆ ಬಾಳುವ ಈ ಸೀಮೆಯಲ್ಲಿ ವೈದ್ಯರಿಲ್ಲವೆಂದಲ್ಲ. 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಆಶ್ರಯದಲ್ಲಿ ಬಾಗಲಕೋಟೆಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ ಅದಕ್ಕೆ ಹೊಂದಿಕೊಂಡ ದೊಡ್ಡ ಆಸ್ಪತ್ರೆಯೂ ಇವೆ. ತಾಲೂಕು ಸ್ಥಳಗಳಲ್ಲಿ ಸರಕಾರದ ಆಸ್ಪತ್ರೆಗಳಿವೆ. 2008ರ ನವೆಂಬರಿನಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಿಂದ ನಾಡಿನಲ್ಲಿ ಆರಂಭವಾದ 108ರ ಆಂಬುಲೆನ್ಸ್ ಬಂಡಿಯೂ ಕರೆದೊಡನೆ ಹೊರಡುತ್ತದೆ. ಆದರೆ ಆಪತ್ತು ಆಸ್ಪತ್ರೆಯ ಬಾಗಿಲಿನಲ್ಲಿ ಬಂದು ನಿಲ್ಲತಕ್ಕದ್ದಲ್ಲ. ಬಂಡಿ ಹೊರಡುವುದಕ್ಕೂ ತಲಪುವುದಕ್ಕೂ ನಡುವೆ ಕೆಲವು ನಿಮಿಷಗಳು ಉಳಿಯುತ್ತವೆ. ಆ ನಿಮಿಷಗಳಿಗೆ ಒಡೆಯರು ಯಾರು? ಆಗ ಅಲ್ಲಿ ಯಾರಿರುವರೋ ಅವರೇ. ಹೊಲದ ಬದುವಿನಲ್ಲಿ, ಬಸ್ ನಿಲ್ದಾಣದಲ್ಲಿ, ಕೆರೆಯ ದಂಡೆಯಲ್ಲಿ, ಜಾತ್ರೆಯ ಬಯಲಿನಲ್ಲಿ ಸದಾ ಇರುವವರೆಂದರೆ ಹದಿನಾರು ಹದಿನೇಳು ವಯಸ್ಸಿನ ಹುಡುಗ ಹುಡುಗಿಯರಲ್ಲವೆ? ಅವರ ಕೈಗೆ ಒಂದು ವಿದ್ಯೆಯನ್ನು ಕೊಡುವ ಸಂಸ್ಥೆಗಳನ್ನು ವಾಚಕರಿಗೆ ಪರಿಚಯಿಸುವುದು ಈ ಬರಹದ ಉದ್ದೇಶ.

ಈ ವಿದ್ಯೆಗೆ ಪ್ರಥಮ ಚಿಕಿತ್ಸೆಯೆಂದು ಹೆಸರು. 1859ರಲ್ಲಿ ಇಟಲಿಯ ಸೊಲ್ಫೆರಿನೊ ರಣರಂಗದಲ್ಲಿ ಗಾಯಗೊಂಡು ಬಿದ್ದ ಸಹಸ್ರಾರು ಯೋಧರನ್ನು ನೆರೆಯೂರಿನ ಹೆಂಗಸರು ಮಿತ್ರ ಶತ್ರು ಭೇದವೆಣಿಸದೆ ಉಪಚರಿಸಿದುದನ್ನು ಕಂಡ ಹೆನ್ರಿ ಡ್ಯುನಾಂಟನ ಮನಸ್ಸಿನಲ್ಲಿ ರೆಡ್ ಕ್ರಾಸ್ ಸಂಸ್ಥೆಯ ಬೀಜ ಬಿದ್ದಿತು. 1877ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸೇಂಟ್ ಜಾನ್ ಆಂಬುಲೆನ್ಸ್ ಸಂಘವು, ವೈದ್ಯರಲ್ಲದ ಸಾಮಾನ್ಯ ಜನರಿಗೂ ಈ ಪಾಠವನ್ನು ಕಲಿಸಬಹುದೆಂದು ಲೋಕಕ್ಕೆ ತೋರಿಸಿಕೊಟ್ಟಿತು. ಭಾರತೀಯ ರೆಡ್ ಕ್ರಾಸ್ ಸಂಸ್ಥೆಯು 1920ರ ಶಾಸನದಿಂದ ರೂಪು ತಳೆಯಿತು. ಅದರ ಕಿರಿಯರ ಶಾಖೆಯಾದ ಜೂನಿಯರ್ ರೆಡ್ ಕ್ರಾಸ್ ಪ್ರೌಢಶಾಲೆಗಳಲ್ಲಿಯೂ, ಯೂತ್ ರೆಡ್ ಕ್ರಾಸ್ ಕಾಲೇಜುಗಳಲ್ಲಿಯೂ ನಡೆಯುತ್ತವೆ. ಇವುಗಳೊಡನೆ ನಿಲ್ಲುವುದು ಸ್ಕೌಟ್ ಮತ್ತು ಗೈಡ್ ಚಳವಳಿ. 1909ರಲ್ಲಿ ಬೆಂಗಳೂರಿನಲ್ಲಿಯೇ ಭಾರತದ ಮೊದಲ ಸ್ಕೌಟ್ ದಳ ಕಟ್ಟಲ್ಪಟ್ಟಿತೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಬಿಡಿಬಿಡಿಯಾಗಿದ್ದ ಸಂಘಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಹೆಸರಿನಡಿ ಸೇರಿದವು. ಪ್ರವೇಶದಿಂದ ಮೊದಲಾಗಿ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಏರಿ ರಾಜ್ಯ ಪುರಸ್ಕಾರದವರೆಗೆ ಸಾಗುವ ವಿದ್ಯಾರ್ಥಿಯು ದಾರಿಯುದ್ದಕ್ಕೂ ಗಂಟು, ಪಟ್ಟಿ, ಉಪಚಾರಗಳ ಪಾಠವನ್ನು ಬಿಡುವಂತಿಲ್ಲ.

ಅನ್ಯದೇಶಗಳಲ್ಲಿ ಎಳೆಯರ ಈ ಸೇವೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡೇರಿಯನ್ ಎಂಬ ಪಟ್ಟಣದಲ್ಲಿ, ಸ್ಕೌಟ್ ಬಳಗದಿಂದಲೇ ಹುಟ್ಟಿದ 'ಪೋಸ್ಟ್ 53' ಎಂಬ ದಳವು 1970ರಿಂದ ಊರಿನ ಆಂಬುಲೆನ್ಸನ್ನು ನಡೆಸುತ್ತಿದೆ. ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಯ ಬಳಿಗೆ ಧಾವಿಸುವವರು ಪ್ರೌಢಶಾಲೆಯ ವಿದ್ಯಾರ್ಥಿಗಳು. ನಮ್ಮಲ್ಲಿ ಹಾಗಿಲ್ಲ. ಜನರು 'ಇಎಂಟಿ' ಎಂದು ಕರೆಯುವ, 108ರ ಬಂಡಿಯೊಳಗಣ ತಂತ್ರಜ್ಞರು ಅದಕ್ಕೆಂದೇ ತರಬೇತಿ ಪಡೆದ ವಯಸ್ಕರಾದ ನೌಕರರು. ಬಂಡಿಯೊಳಗೆ ಕಿಶೋರರಿಗೆ ಸ್ಥಾನವಿಲ್ಲ. ಇದು ಕೊರತೆಯೆಂದು ನಾನು ಭಾವಿಸುವುದಿಲ್ಲ. ಬಂಡಿಯೊಳಗಿನ ಕೆಲಸಕ್ಕೆ ಆಳುಗಳಿದ್ದಾರೆ. ಬಂಡಿ ಬರುವ ಮುನ್ನಿನ ಕೆಲಸಕ್ಕೆ ಇಲ್ಲ.

ಆ ಕೆಲಸದ ಮುಖ್ಯ ಸಾಧನವು ಒಂದು ತುಂಡು ಬಟ್ಟೆಯೆಂದರೆ ಆಶ್ಚರ್ಯವಾದೀತು. ಜರ್ಮನಿಯ ಶಸ್ತ್ರವೈದ್ಯ ಎಸ್ಮಾರ್ಕ್ ಪ್ರಚುರಪಡಿಸಿದ ಮುಮ್ಮೂಲೆಯ ಪಟ್ಟಿಯೇ ಸ್ಕೌಟಿನ ಕೊರಳಲ್ಲಿ ಸ್ಕಾರ್ಫ್ ಆಗಿ ನೇತಾಡುತ್ತದೆ. ಬಿಚ್ಚಿದರೆ ತೋಳಿಗೆ ಜೋಲಿ, ಮಡಿಸಿದರೆ ಗಾಯಕ್ಕೆ ಒತ್ತುಪಟ್ಟಿ, ಸುತ್ತಿದರೆ ತಲೆಗೆ ಕಟ್ಟು. ಅದನ್ನು ಬಿಗಿಯುವುದು ರೀಫ್ ಗಂಟಿನಿಂದ, ಏಕೆಂದರೆ ಅದು ಚಪ್ಪಟೆಯಾಗಿ ಕುಳಿತು ಚರ್ಮವನ್ನು ಒತ್ತದು, ತಾನಾಗಿ ಸಡಿಲದು, ಬೇಕೆಂದಾಗ ಸುಲಭವಾಗಿ ಬಿಚ್ಚಿಕೊಳ್ಳುವುದು. ನಮ್ಮ ಸೀಮೆಯ ರೈತನ ತಲೆಯ ಮೇಲಿನ ರುಮಾಲು ಈ ಪಟ್ಟಿಗಿಂತ ಹಲವು ಪಟ್ಟು ಉದ್ದವಾದ ಔಷಧಿಯೆಂಬುದನ್ನು ಜಾಣ ಶಿಕ್ಷಕನು ಮೊದಲ ದಿನವೇ ತೋರಿಸಬಲ್ಲನು. ರಕ್ತ ಒಸರಿದಲ್ಲಿ ಬಟ್ಟೆಯನ್ನಿಟ್ಟು ಅಂಗೈಯಿಂದ ಒತ್ತಿ ಹಿಡಿಯಬೇಕು. ತೊಯ್ದುಹೋದರೆ ಅದನ್ನು ಕೀಳದೆ ಅದರ ಮೇಲೆಯೇ ಇನ್ನೊಂದನ್ನು ಇಡಬೇಕು. ಎಲುಬು ಮುರಿದಿದ್ದರೆ, ಮುರಿತದ ಮೇಲಣ ಸಂದೂ ಕೆಳಗಣ ಸಂದೂ ಅಲುಗದಷ್ಟು ಉದ್ದದ ಆಸರೆ ಕೊಡಬೇಕು. ಹಲಗೆ ಸಿಗದಿದ್ದರೆ ಜೋಳದ ಕಣಿಕೆಯ ಕಟ್ಟು ಸಾಕು. ಕಟ್ಟಿದ ಮೇಲೆ ಬೆರಳ ತುದಿ ಕಾಣುವಂತಿರಬೇಕು. ಅದು ನೀಲಿಗಟ್ಟಿದರೆ ಕಟ್ಟು ಬಿಗಿಯಾಯಿತೆಂದು ಅರ್ಥ. ಎರಡು ಗಳಗಳ ನಡುವೆ ಕುರುಬರ ಕಂಬಳಿಯನ್ನು ಹಾಸಿ ಮಡಿಸಿದರೆ ಸ್ಟ್ರೆಚರ್ ಆಯಿತು. ಕೆರೆಯಲ್ಲಿ ಮುಳುಗುವವನಿಗೆ ತಾನೂ ಧುಮುಕುವುದಕ್ಕಿಂತ ದಂಡೆಯಲ್ಲಿ ಮಲಗಿ ಇಳಕಲ್ ಸೀರೆಯ ಸೆರಗನ್ನು ಎಸೆಯುವುದೇ ವಿವೇಕ.

ಇದಕ್ಕಿಂತ ಕಠಿನವಾದುದು ನಿಂತ ಹೃದಯವನ್ನು ನಡೆಸುವ ಕಲೆ. ಎದೆಯ ಮಧ್ಯದಲ್ಲಿ ಅಂಗೈಯ ಬುಡವನ್ನಿಟ್ಟು, ಮೊಳಕೈ ಬಾಗದಂತೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತಬೇಕು. 30 ಒತ್ತಿಗೆ 2 ಉಸಿರು. ಕೆಲವೇ ನಿಮಿಷಗಳು ರಕ್ತ ತಲಪದಿದ್ದರೆ ಮಿದುಳು ಹಾಳಾಗತೊಡಗುವುದರಿಂದ ಈ ಕಲೆಯಲ್ಲಿ ವಿಳಂಬಕ್ಕೆ ಎಡೆಯಿಲ್ಲ. ಅಭ್ಯಾಸದ ಗೊಂಬೆಯ ಮೇಲೆ ಎರಡು ನಿಮಿಷ ಒತ್ತಿದ ಹುಡುಗನ ತೋಳು ಸೋಲುತ್ತದೆ, ಅಂಗಿ ಬೆವರಿನಿಂದ ತೊಯ್ಯುತ್ತದೆ. ಆದಕಾರಣವೇ ಇಬ್ಬರು ಸರದಿಯಾಗಿ ಮಾಡುವುದನ್ನು ಕಲಿಸುವರು.

ಕಲಿಸುವುದರಷ್ಟೇ ಮುಖ್ಯವಾದುದು ಮರೆಸುವುದು. ಗಾಯಕ್ಕೆ ಚಹಾಪುಡಿ, ಸುಟ್ಟಲ್ಲಿಗೆ ಟೂತ್‌ಪೇಸ್ಟು, ಮೂರ್ಛೆ ಬಂದವನ ಮುಷ್ಟಿಗೆ ಕೀಲಿಕೈ, ನೀರಿನಿಂದ ತೆಗೆದವನ ಹೊಟ್ಟೆ ಒತ್ತುವುದು, ಹಾವು ಕಡಿದಲ್ಲಿ ಬ್ಲೇಡಿನಿಂದ ಕೊಯ್ದು ಬಾಯಿಂದ ಹೀರುವುದು, ಹಗ್ಗದಿಂದ ಬಿಗಿದು ಕಟ್ಟುವುದು: ಇವೆಲ್ಲ ಪ್ರೀತಿಯಿಂದಲೇ ನಡೆಯುವ ಅಪಚಾರಗಳು. ಹಾವಿನಿಂದ ಕಡಿಸಿಕೊಂಡವನನ್ನು ನಡೆಸದೆ, ಕಡಿದ ಅಂಗವನ್ನು ಅಲುಗಿಸದೆ, ಧೈರ್ಯ ಹೇಳುತ್ತ ವಿಷನಿರೋಧಕ ದೊರೆಯುವ ಆಸ್ಪತ್ರೆಗೆ ಒಯ್ಯುವುದೊಂದೇ ಸರಿಯಾದ ದಾರಿ. 2024ರಲ್ಲಿ ಕರ್ನಾಟಕ ಸರಕಾರವು ಹಾವು ಕಡಿತವನ್ನು ಅಧಿಸೂಚಿತ ರೋಗಗಳ ಪಟ್ಟಿಗೆ ಸೇರಿಸಿದುದು ಈ ಪಾಠದ ತೂಕವನ್ನು ಹೆಚ್ಚಿಸಿದೆ.

ಆದರೆ ತಿಳಿದ ಹುಡುಗನಿಗೂ ಕೊನೆಯ ಪರೀಕ್ಷೆ ಜನಜಂಗುಳಿಯದು. ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆಯುವಾಗ, ನೂಕುನುಗ್ಗಲಿನಲ್ಲಿ ಮುದುಕಿಯೊಬ್ಬಳು ಎಚ್ಚರ ತಪ್ಪಿ ಬಿದ್ದಳೆನ್ನಿ. ಕ್ಷಣಾರ್ಧದಲ್ಲಿ ಐವತ್ತು ಜನ ಮುತ್ತುವರು. "ನೀರ ಕುಡಸ್ರಿ, ನೀರ ಕುಡಸ್ರಿ" ಎಂದು ಹತ್ತು ಬಾಯಿ ಕೂಗುವುವು. ಎಚ್ಚರವಿಲ್ಲದವರ ಬಾಯಿಗೆ ಹೊಯ್ದ ನೀರು ಶ್ವಾಸನಾಳಕ್ಕೆ ಇಳಿಯುವುದೆಂದು ಬಲ್ಲ ಹುಡುಗ ಮುಂದೆ ಬಂದರೆ, "ತಮ್ಮಾ, ನಿನಗೇನ ತಿಳೀತೈತಿ, ಸರಿ ಅತ್ತಾಗ" ಎಂದು ಹಿರಿಯರು ಗದರುವರು. ಆಗ ಧ್ವನಿಯೇರಿಸದೆ, "ಯಜ್ಜಾರ, ಈಗ ನೀರ ಬ್ಯಾಡ್ರಿ, ಸ್ವಲ್ಪ ಗಾಳಿ ಬಿಡ್ರಿ, ಅಣ್ಣಾರ, ನೀವು 108ಕ್ಕ ಫೋನ್ ಹಚ್ಚರಿ" ಎಂದು ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹೇಳಿ, ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಿ, ಉಸಿರನ್ನು ನೋಡುತ್ತ ಕುಳಿತುಕೊಳ್ಳುವ ಸ್ಥೈರ್ಯವು ಪುಸ್ತಕದಿಂದ ಬರತಕ್ಕದ್ದಲ್ಲ. ಸಮವಸ್ತ್ರವು ಇಲ್ಲಿ ಅಲಂಕಾರವಲ್ಲ. ಎಳೆಯ ಮಾತಿಗೆ ಹಿರಿಯರು ಕಿವಿಗೊಡುವಂತೆ ಮಾಡುವ ಅಧಿಕಾರಪತ್ರ. ಜಾತ್ರೆಗಳಲ್ಲಿ ಸೇವೆ ಸಲ್ಲಿಸುವ ಸ್ಕೌಟ್ ಸಂಪ್ರದಾಯದ ನಿಜವಾದ ಮರ್ಮ ಇದೇ.

ನೆರವಾದವರು ಪೊಲೀಸು ಕಚೇರಿಗಳ ಅಲೆದಾಟಕ್ಕೆ ಸಿಕ್ಕಿಬೀಳುವರೆಂಬ ಭಯ ತಂದೆತಾಯಿಗಳಲ್ಲಿ ಇನ್ನೂ ಇದೆ. ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ನೆರವಾದವರನ್ನು ಕಾಪಾಡುವ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. ಕರ್ನಾಟಕವು ತನ್ನದೇ ಆದ ಜೀವರಕ್ಷಕರ ಕಾಯಿದೆಯನ್ನು ಮಾಡಿ, ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಸದ್ಭಾವನೆಯಿಂದ ನೆರವಾದವನು ಇಚ್ಛೆಯಿಲ್ಲದಿದ್ದರೆ ತನ್ನ ಹೆಸರನ್ನೂ ಹೇಳಬೇಕಿಲ್ಲ. ಭಯಕ್ಕೆ ಈಗ ಆಧಾರವಿಲ್ಲ.

ಆದುದರಿಂದ ಮುಖ್ಯೋಪಾಧ್ಯಾಯರಲ್ಲಿಯೂ ಶಾಲಾ ಮಂಡಳಿಗಳಲ್ಲಿಯೂ ನನ್ನದೊಂದು ವಿನಂತಿ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಬೇಡಿದುದು ಕಾಳನ್ನಲ್ಲ, ಜನರ ದುಶ್ಚಟಗಳನ್ನು. ಆ ನಾಡಿನಲ್ಲಿ ವಾರಕ್ಕೊಂದು ಗಂಟೆಯನ್ನು ಬೇಡುವುದು ದೊಡ್ಡ ಭಿಕ್ಷೆಯೇನಲ್ಲ. ಒಬ್ಬ ಸ್ಕೌಟ್ ಮಾಸ್ತರರು, ಹತ್ತು ರುಮಾಲು, ಎರಡು ಗಳ, ಒಂದು ಕಂಬಳಿ, ಶನಿವಾರದ ಬೆಳಗಿನ ಒಂದು ತಾಸು: ಇಷ್ಟನ್ನು ಈ ವರ್ಷವೇ ನಿಮ್ಮ ಶಾಲೆಯ ವೇಳಾಪಟ್ಟಿಗೆ ಸೇರಿಸಿರಿ.